ಒಂದೇ ಒಂದು ಕಪ್ಪು ಕೊಡೆ

ಜನ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿನ ಮೇಲೆ ಅಪ್ಪನಿಗಿರುವ ಅಕ್ಕರೆ ಹೆತ್ತ ಮಗನ ಮೇಲೂ ಇಲ್ಲ ಎಂದು ನನ್ನ ಗಂಡ ಆಗಾಗ ಗೊಣಗುತ್ತಾನೆ. ನಾನು ಸಮಾಧಾನ ಮಾಡಲು ಹೋಗುವುದಿಲ್ಲ, ಏಕೆಂದರೆ ಅದು ನಿಜ. ಮಗನಿಗೆ ಜ್ವರ ಬಂದರೆ ನಮ್ಮ ಮಾವ "ಮಾತ್ರೆ ತಗೊಂಡ್ಯಾ?" ಎಂದು ಕೇಳಿ ಪೇಪರು ಬಿಡಿಸುತ್ತಾರೆ. ಅದೇ ಡಿಪೋಗೆ ಒಂದು ಒಂಟಿ ಕೈಗವಸು ಬರಲಿ, ಊಟಕ್ಕೆ ಕೂತಾಗಲೂ ಅದೇ ಧ್ಯಾನ. "ಪಾಪ, ಒಂದು ಕೈ ಬೆಚ್ಚಗಿದೆ. ಇನ್ನೊಂದು ಕೈ ಏನ್ ಮಾಡ್ತಿದೆಯೋ!"

ಮಾವ ಕೆಲಸ ಮಾಡುವುದು ಬಸ್ ಡಿಪೋದಲ್ಲಿ. ಹಳೆಯ ಟೈರುಗಳನ್ನು ಪೇರಿಸಿಟ್ಟ ಗೋಡೆ ದಾಟಿ ಹಿಂದಕ್ಕೆ ಹೋದರೆ ಒಂದು ಉದ್ದನೆಯ ಕೋಣೆ, ಆ ಕೋಣೆಗೊಂದು ಕಿಟಕಿ. ಕಿಟಕಿಯ ಮೇಲೆ 'ಸಿಕ್ಕ ಸಾಮಾನು' ಎಂಬ ಬೋರ್ಡು. ಬಸ್ಸುಗಳಲ್ಲಿ ಸಿಕ್ಕಿದ್ದನ್ನೆಲ್ಲ ಕಂಡಕ್ಟರುಗಳು ತಂದು ಇಲ್ಲಿ ಒಪ್ಪಿಸುತ್ತಾರೆ. ಒಳಗೆ ಕಬ್ಬಿಣದ ಕಪಾಟುಗಳ ತುಂಬ ಊಟದ ಡಬ್ಬಿ, ಕನ್ನಡಕ, ಊರುಗೋಲು, ಒಂಟಿ ಶೂ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಗೋಡೆಯಿಂದ ಗೋಡೆಗೆ ಹಾಯಿಸಿದ ಸರಳಿನಲ್ಲಿ ಸಾಲಾಗಿ ನೇತುಹಾಕಿದ ಕೊಡೆಗಳು. ಕೊಡೆಗಳ ಪೈಕಿ ಮುಕ್ಕಾಲು ಪಾಲು ಕಪ್ಪು.

ಈ ಕಿಟಕಿಯಿಂದ ಯಾವ ಸಾಮಾನೂ ಸುಮ್ಮನೆ ಹೊರಗೆ ಹೋಗುವುದಿಲ್ಲ. ಕೇಳಿಕೊಂಡು ಬಂದವರು ಒಂದು ಗುರುತು ಹೇಳಬೇಕು. ಎಲ್ಲಿ ಹರಿದಿದೆ, ಎಲ್ಲಿ ಕಲೆಯಿದೆ, ಒಳಗೆ ಏನಿದೆ, ಏನಾದರೂ ಒಂದು. ಗುರುತು ಸರಿಯಿದ್ದರೆ ಸಾಮಾನು, ಇಲ್ಲದಿದ್ದರೆ ಇಲ್ಲ. ಮೇಲಿನಿಂದ ದೇವರೇ ಇಳಿದು ಬಂದರೂ ಮಾವ ಮೊದಲು ಗುರುತು ಕೇಳುತ್ತಾರೆ. ಪರೀಕ್ಷೆ ಮಾಡಿದ ಹಾಗೆ ಪ್ರಶ್ನೆ ಕೇಳುವುದರಿಂದ ಡಿಪೋದವರೆಲ್ಲ ಅವರನ್ನು 'ಕಿಟಕಿ ಮೇಷ್ಟ್ರು' ಎನ್ನುತ್ತಾರೆ.

ಇಂಥ ಕಿಟಕಿಗೆ ಹೊಸದಾಗಿ ಬಂದ ಮ್ಯಾನೇಜರರ ಕಣ್ಣು ಬಿತ್ತು. ಕೋಣೆ ಇಷ್ಟು ದೊಡ್ಡದು, ಬರುವ ಜನ ಬೆರಳೆಣಿಕೆ. ಮಳೆಗಾಲ ಮುಗಿಯುವುದರೊಳಗೆ ಜನ ಬರದಿದ್ದರೆ ಕಿಟಕಿ ಮುಚ್ಚಿ, ಕೋಣೆಯಲ್ಲಿ ಟಿಕೆಟ್ ಮಷೀನು ಇಡುತ್ತೇವೆ, ಸಾಮಾನೆಲ್ಲ ಮೂಟೆ ಕಟ್ಟಿ ಹರಾಜಿಗೆ, ನೀವು ಬಸ್ ತೊಳೆಯುವ ಕಡೆ ಲೆಕ್ಕ ನೋಡಿಕೊಳ್ಳಿ ಎಂದರಂತೆ. ಮಾವ ಮನೆಗೆ ಬಂದು ಇದನ್ನು ಹೇಳಿದ್ದು ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಮೆಲ್ಲಗೆ. ಆದರೆ ತಟ್ಟೆಯಲ್ಲಿದ್ದ ಅನ್ನ ಹಾಗೇ ಇತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ತೀರಿಹೋಗಿ ವರ್ಷವಾಗಿತ್ತು. ಹೊಸ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ಕೈಹಿಡಿದು ತೋರಿಸಿದವರು ಈ ಮಾವ. ಅವರನ್ನು ಬಸ್ಸಿನ ಕೆಸರು ನೀರಿಗೆ ನಿಲ್ಲಿಸುವುದೇ?

"ಮಾವ, ನಿಮ್ಮ ಡಿಪೋಗೆ ವೆಬ್‌ಸೈಟ್ ಇದೆ ಅಲ್ವಾ? ಅದ್ರಲ್ಲಿ ಈ ಸಾಮಾನೆಲ್ಲ ಹಾಕ್ತಾರಲ್ಲ?"

"ಹಾಕ್ತೀವಮ್ಮ. ನಾನೇ ಫೋಟೊ ತೆಗೆದು ಹಾಕ್ತೀನಿ. ಯಾರೂ ನೋಡಲ್ಲ."

ಯಾಕೆ ನೋಡುವುದಿಲ್ಲ ಎಂದು ತೆರೆದು ನೋಡಿದೆ. ತೆರೆದರೆ ತಾನೇ ನೋಡುವುದು! ನಾನು ಒಲೆಯ ಮೇಲೆ ಹಾಲಿಟ್ಟು, ಉಕ್ಕಿಸಿ, ಒಲೆ ಒರೆಸಿ ಬಂದರೂ ಮೊದಲ ಫೋಟೊದ ಮೇಲಿನ ಅರ್ಧ ಮಾತ್ರ ಬಂದಿತ್ತು. ನಾನು ಹೊಟ್ಟೆಪಾಡಿಗೆ ಮಾಡುವುದೇ ವೆಬ್‌ಸೈಟ್ ಕೆಲಸ. ನೋಡಿದ ಕೂಡಲೇ ಕಾಯಿಲೆ ತಿಳಿಯಿತು. ಹಿಂದಿನ ವರ್ಷ ನಾನೇ ಕೊಡಿಸಿದ ಒಳ್ಳೆಯ ಫೋನಿನಲ್ಲಿ ಮಾವ ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿ ಫೋಟೊ ತೆಗೆದು, ಇದ್ದದ್ದು ಇದ್ದ ಹಾಗೆ ಏರಿಸಿದ್ದರು. ಕಟ್ಟಡದ ಮೇಲೆ ಜಾಹೀರಾತಾಗಿ ತೂಗುಹಾಕಬಹುದಾದಷ್ಟು ದೊಡ್ಡ ಫೋಟೊ, ಒಂದು ಊಟದ ಡಬ್ಬಿಯದು. ಸಾಲದ್ದಕ್ಕೆ ಒಂದೊಂದು ಸಾಮಾನಿಗೂ ಹತ್ತಾರು ಫೋಟೊ.

"ಇಷ್ಟೊಂದು ಯಾಕೆ ಮಾವ?"

"ಒಂದು ಚೆನ್ನಾಗಿ ಬರ್ದಿದ್ರೆ ಅಂತ. ಕಳ್ಕೊಂಡವರು ಮೊದ್ಲೇ ಬೇಜಾರಲ್ಲಿರ್ತಾರೆ, ಮಸುಕಾಗಿ ಕಾಣ್ಬಾರ್ದು."

ಇದಕ್ಕೆ ಏನೆಂದು ಜಗಳವಾಡುವುದು? ಆ ಭಾನುವಾರ ಕೂತು ಒಂದು ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಎಂದರೆ ದೊಡ್ಡ ಮಾತೇನಲ್ಲ. ದಿನವೂ ಕೈಯಲ್ಲಿ ಮಾಡುವ ಚಿಲ್ಲರೆ ಕೆಲಸಗಳನ್ನು ಕಂಪ್ಯೂಟರಿಗೆ ಒಂದರ ಕೆಳಗೊಂದರಂತೆ ಬರೆದುಕೊಟ್ಟು, ಇನ್ನು ಮುಂದೆ ನೀನೇ ಮಾಡಿಕೋ ಮಾರಾಯ ಎಂದು ಕೈತೊಳೆದುಕೊಳ್ಳುವುದು. ಮಾವನ ಕಂಪ್ಯೂಟರಿನಲ್ಲಿ 'ಇಲ್ಲಿ ಹಾಕಿ' ಎಂಬ ಫೋಲ್ಡರ್ ಮಾಡಿದೆ. ಅದರೊಳಗೆ ಫೋಟೊ ಬಿದ್ದರೆ ಸಾಕು, ಸ್ಕ್ರಿಪ್ಟ್ ಅದನ್ನು ಪುಟಕ್ಕೆ ಬೇಕಾದಷ್ಟು ಅಗಲಕ್ಕೆ ಇಳಿಸಿ, ಕಣ್ಣಿಗೆ ವ್ಯತ್ಯಾಸ ಕಾಣದ ಹಾಗೆ ಹಗುರ ಮಾಡಿ, ಫೋಟೊದ ಜೊತೆ ಅಂಟಿಕೊಂಡು ಬರುವ ಬೇಡದ ವಿವರಗಳನ್ನು ಕಿತ್ತುಹಾಕಿ, ತಾನೇ ವೆಬ್‌ಸೈಟಿಗೆ ಏರಿಸುತ್ತದೆ.

ಮೊದಲ ಸಲ ಓಡಿಸಿದಾಗ ಸಾಮಾನೆಲ್ಲ ಅಡ್ಡಡ್ಡ ಮಲಗಿಬಿಟ್ಟವು. ಫೋನನ್ನು ಹೇಗೆ ಹಿಡಿದಿದ್ದರು ಎಂಬುದೂ ಆ ವಿವರಗಳಲ್ಲೇ ಇರುತ್ತದೆ, ನಾನು ಅವಸರದಲ್ಲಿ ಅದನ್ನೂ ಕಿತ್ತಿದ್ದೆ. ನಾನು ತಲೆ ಚಚ್ಚಿಕೊಂಡರೆ ಮಾವ ಬಗ್ಗಿ ನೋಡಿ, "ಇರ್ಲಿ ಬಿಡಮ್ಮ, ಊರೆಲ್ಲ ಸುತ್ತಿ ಸುಸ್ತಾಗಿರ್ಬೇಕು" ಎಂದರು. ಅದನ್ನು ಸರಿಮಾಡಿದೆ. ಕೊನೆಗೆ, ಮಾವ ಹತ್ತಾರು ಫೋಟೊ ತೆಗೆಯುವ ಚಾಳಿಗೆ ಮದ್ದಾಗಿ ಇನ್ನೊಂದು ಸಾಲು ಸೇರಿಸಿದೆ. ಸುಮಾರಾಗಿ ಒಂದೇ ಥರ ಕಾಣುವ ಫೋಟೊಗಳಿದ್ದರೆ ಎಲ್ಲಕ್ಕಿಂತ ಮೊದಲು ತೆಗೆದದ್ದನ್ನು ಇಟ್ಟುಕೋ, ಉಳಿದದ್ದನ್ನು ಬಿಡು. ಡಬ್ಬಿ, ಶೂ, ಕನ್ನಡಕದ ಫೋಟೊಗಳಲ್ಲಿ ಪರೀಕ್ಷೆ ಮಾಡಿದೆ. ಸೊಗಸಾಗಿ ನಡೆಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಳೆಯ ಫೋಟೊಗಳನ್ನೂ ಸೇರಿಸಿ ಎಲ್ಲವನ್ನೂ ಮಾವ ಆ ಫೋಲ್ಡರಿಗೆ ಸುರಿದರು. ಈಗ ಪುಟ ಕಣ್ಣುಮುಚ್ಚಿ ತೆರೆಯುವುದರೊಳಗೆ ತೆರೆದುಕೊಳ್ಳುತ್ತಿತ್ತು. ಒಂದು ವಾರವಾಗಿರಬೇಕು, ಆಫೀಸಿನಲ್ಲಿದ್ದಾಗ ಮಾವನ ಫೋನು. "ಅಮ್ಮಾ, ಪುರುಸೊತ್ತಾದ್ರೆ ಒಂದ್ಸಲ ಬಂದು ಹೋಗು. ಇಲ್ಲಿ ಸಾಲು ನಿಂತಿದೆ."

ಸಾಲು! ನಾನು ಕಾಲು ನೆಲಕ್ಕೆ ತಾಗದ ಹಾಗೆ ಹೋದೆ. ಟೈರಿನ ಗೋಡೆಯುದ್ದಕ್ಕೂ ಜನ. ಆದರೆ ಹತ್ತಿರ ಹೋದಂತೆ ಒಂದು ವಿಚಿತ್ರ ಕಂಡಿತು. ಎಲ್ಲರ ಫೋನಿನಲ್ಲೂ ಒಂದೇ ಫೋಟೊ. ಮೇಜಿನ ಮೇಲೆ ಮಡಿಸಿಟ್ಟ ಒಂದು ಕಪ್ಪು ಕೊಡೆ. ಮುಂದೆ ನಿಂತ ಇಬ್ಬರು ಗಂಡಸರು ಆಗಲೇ ಜಟಾಪಟಿಗೆ ಇಳಿದಿದ್ದರು.

"ಇದು ನಂದು ಸ್ವಾಮಿ, ನೋಡಿದ ತಕ್ಷಣ ಗೊತ್ತಾಯ್ತು."

"ನಿಮ್ದು ಹೇಗಾಗುತ್ತೆ? ನಾನು ದಿನಾ ಹಿಡ್ಕೊಂಡು ಓಡಾಡಿದ್ದು ನಂಗೆ ಗೊತ್ತಿಲ್ವಾ?"

ಕಿಟಕಿಯೊಳಗಿಂದ ಮಾವನ ದನಿ ಬಂತು. "ಗಲಾಟೆ ಬೇಡ. ಒಬ್ಬೊಬ್ಬರೇ ಗುರುತು ಹೇಳಿ."

"ಹಿಡೀಲಿ ನಮ್ಮ ನಾಯಿ ಕಚ್ಚಿದ ಗುರುತಿದೆ."

"ನಂದಕ್ಕೆ ಗುಂಡಿ ಕಿತ್ತುಹೋಗಿದೆ. ಸೇಫ್ಟಿ ಪಿನ್ ಹಾಕಿದೀನಿ."

ಮಾವ ಎದ್ದು ಸರಳಿನ ಹತ್ತಿರ ಹೋಗಿ, ಕೊಡೆಗಳನ್ನು ಬಟ್ಟೆ ಸರಿಸಿದಂತೆ ಸರಿಸಿ, ನಾಯಿ ಕಚ್ಚಿದ್ದು ಒಂದು, ಪಿನ್ ಹಾಕಿದ್ದು ಒಂದು ತಂದು ಕೊಟ್ಟರು. ಇಬ್ಬರೂ ಮುಖ ಮುಖ ನೋಡಿಕೊಂಡು, ನಕ್ಕು, ಒಟ್ಟಿಗೇ ಹೋದರು.

ಒಳಗೆ ಹೋಗಿ ಮಾವನ ಕಂಪ್ಯೂಟರಿನಲ್ಲಿ ನೋಡಿದೆ. ಸರಳಿನ ತುಂಬ ಕಪ್ಪು ಕೊಡೆ, ವೆಬ್‌ಸೈಟಿನಲ್ಲಿ ಒಂದೇ ಒಂದು. ಮಾವ ಎಲ್ಲ ಕೊಡೆಯನ್ನೂ ಅದೇ ಮೇಜಿನ ಮೇಲೆ, ಅದೇ ಟ್ಯೂಬ್‌ಲೈಟಿನ ಕೆಳಗೆ, ಅದೇ ರೀತಿ ಮಡಿಸಿ ಫೋಟೊ ತೆಗೆದಿದ್ದರು. ನನ್ನ ಜಾಣ ಸ್ಕ್ರಿಪ್ಟು ಅವೆಲ್ಲ ಒಂದೇ ಕೊಡೆಯ ಫೋಟೊ ಎಂದು ತಿಳಿದು, ಮೊದಲನೆಯದನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟಿತ್ತು.

"ಮಾವ, ಎಡವಟ್ಟಾಗಿದೆ. ಈಗ್ಲೇ ಸರಿ ಮಾಡ್ತೀನಿ."

"ಸುಮ್ನಿರು," ಎಂದರು ಮಾವ, ಹೊರಗಿನವರಿಗೆ ಕೇಳದ ಹಾಗೆ. "ನಂಗೆ ಮೊನ್ನೇನೇ ಗೊತ್ತಾಯ್ತು. ಮೊದ್ಲು ಪುಟ ತೆರೆದ ಒಬ್ಬಿಬ್ಬರಿಗೂ ಅಷ್ಟೊಂದು ಕೊಡೆ ಒಟ್ಟಿಗೆ ನೋಡಿ ತಮ್ದು ಯಾವ್ದು ಅಂತಾನೇ ತಿಳೀತಿರ್ಲಿಲ್ಲ. ಹೋಗ್ಲಿ, ಹೊಸದು ತಗೊಂಡ್ರಾಯ್ತು ಅಂತಿದ್ರು. ಈಗ ಒಂದೇ ಇದೆ ನೋಡು, ಎಲ್ಲರಿಗೂ ಅದು ತಮ್ದೇ ಅನ್ಸುತ್ತೆ. ಓಡ್ಕೊಂಡು ಬರ್ತಾರೆ. ಬಂದವರು ಹೇಗೂ ಬಂದೆ ಅಂತ ಕಳೆದುಹೋದ ಡಬ್ಬೀನೂ ಕೇಳ್ತಾರೆ. ನಿನ್ನ ಸ್ಕ್ರಿಪ್ಟು ನಿನಗಿಂತ ಬುದ್ಧಿವಂತ."

ನಾನು ಮುಖ ಊದಿಸಿಕೊಂಡೆ. ಆದರೆ ಹೊಟ್ಟೆಯೊಳಗೆ ನಗು ತಡೆಯಲಾಗಲಿಲ್ಲ. "ಇದು ಮೋಸ ಅಲ್ವಾ ಮಾವ?"

"ಕಪ್ಪು ಕೊಡೆ ಸಿಕ್ಕಿದೆ ಅಂತ ಇದೆ. ಸಿಕ್ಕಿದೆ ತಾನೇ? ಸಿಕ್ಕಿದ್ದು ಕೊಡ್ತಿದೀನಿ."

"ಸರಿ, ಫೋಟೊದಲ್ಲಿರೋ ಆ ಕೊಡೆ ಯಾರ್ದು? ಅವರು ಬಂದು ತಗೊಂಡು ಹೋದ್ರೆ?"

ಮಾವ ಕಿಟಕಿಯ ಕಡೆ ತಿರುಗಿದರು. "ಅದರ ವಾರಸುದಾರ ಸಾಲಲ್ಲಿ ಬಂದು ನಿಲ್ಲಲ್ಲ ಬಿಡು," ಎಂದು ಸಣ್ಣಗೆ ನಕ್ಕರು. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಅಂದಿನಿಂದ ಮನೆಯಲ್ಲಿ ಊಟದ ಹೊತ್ತು ಕಳೆಕಟ್ಟಿತು. ದಿನಕ್ಕೊಂದು ಕೊಡೆಯ ಕಥೆ. ಒಬ್ಬ ದರ್ಜಿ ತನ್ನ ಕೊಡೆಗೆ ಕೋಟಿನ ಬಟ್ಟೆಯ ತೇಪೆ ಹಾಕಿದ್ದನಂತೆ, ಕಾಜಾ ಸಮೇತ. ಒಬ್ಬ ನರ್ಸು ಗುರುತು ಹೇಳಲಾರದೆ ಅಳುವಂತಾಗಿ, ಕೊನೆಗೆ ಮಡಿಕೆಯೊಳಗೆ ಶೇಂಗಾ ಸಿಪ್ಪೆ ಇರಬಹುದು ಎಂದಳಂತೆ. ಬಿಚ್ಚಿದರೆ ಮೇಜಿನ ತುಂಬ ಸಿಪ್ಪೆ. ಮಾವ ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಸಾಲು ಹೀಗೇ ಇದ್ದರೆ ಮ್ಯಾನೇಜರು ಕಿಟಕಿಯ ತಂಟೆಗೆ ಬರುವುದಿಲ್ಲ ಎಂದು ನನಗೂ ಧೈರ್ಯ ಬಂತು.

ಹೀಗಿರುವಾಗ ಒಂದು ಸಂಜೆ ಜೋರು ಮಳೆ. ಬಾಗಿಲು ತೆಗೆದರೆ ಮಾವ ತೊಪ್ಪೆಯಾಗಿ ನಿಂತಿದ್ದಾರೆ. ಕನ್ನಡಕದಿಂದಲೂ ನೀರು ತೊಟ್ಟಿಕ್ಕುತ್ತಿದೆ.

"ಕೊಡೆ ಎಲ್ಲಿ ಮಾವ?"

"ಕೊಟ್ಟೆ."

"ಯಾರಿಗೆ?"

ಟವೆಲ್ಲು ಕೊಟ್ಟು, ಬಿಸಿ ಚಹಾ ಕೊಟ್ಟ ಮೇಲೆ ಒಂದೊಂದೇ ಮಾತು ಹೊರಬಂತು. ವಯಸ್ಸಾದ ಒಬ್ಬ ಹೆಂಗಸು ಕಿಟಕಿಗೆ ಬಂದಿದ್ದರಂತೆ. ಗಂಡನ ಕೊಡೆ, ಗಂಡ ಈಗಿಲ್ಲ. ಗುರುತು ಹೇಳಿ ಎಂದರೆ, "ನಾನು ಅದನ್ನ ಹಿಡಿದವಳಲ್ಲಪ್ಪ, ಅದರ ಕೆಳಗೆ ನಡೆದವಳು. ಗುರುತು ಗಿರುತು ನೋಡಿಲ್ಲ" ಎಂದರಂತೆ. ಮಾವ ಸರಳಿನಲ್ಲಿದ್ದ ಒಂದೊಂದು ಕೊಡೆಯನ್ನೂ ತಂದು ತೋರಿಸಿದರು. ಆಕೆ ಎಲ್ಲಕ್ಕೂ ಅಲ್ಲ ಅಲ್ಲ ಎನ್ನುತ್ತ ಫೋನಿನ ಫೋಟೊದ ಮೇಲೆ ಬೆರಳಿಟ್ಟು, "ಇದೇ, ಇದೇ ಕೊಡಪ್ಪ" ಎಂದು ಕಣ್ಣು ತುಂಬಿಕೊಂಡರಂತೆ.

"ಅದಕ್ಕೆ ಫೋಟೊದಲ್ಲಿರೋದನ್ನೇ ಕೊಟ್ಬಿಟ್ಟೆ."

"ಅಂದ್ರೆ ಅದು..."

"ನಂದೇ. ನೀನು ಫೋನ್ ಕೊಡಿಸಿದ ದಿನ ಕ್ಯಾಮೆರಾ ಹೇಗಿದೆ ನೋಡೋಣ ಅಂತ ನಂದನ್ನೇ ಮೇಜಿನ ಮೇಲಿಟ್ಟು ತೆಗೆದಿದ್ದೆ. ಎಲ್ಲದರ ಜೊತೆ ಅದೂ ಹೋಗಿ ಬಿತ್ತು."

ಅಂದರೆ ಇಡೀ ಊರು ಬಂದು ನಂದು ನಂದು ಎಂದು ಜಗಳವಾಡಿದ್ದು ಕಳೆದೇಹೋಗದ ಕೊಡೆಗಾಗಿ! ನಾನು ನಗಬೇಕೆಂದು ಗಂಡನ ಕಡೆ ತಿರುಗಿದರೆ ಅವನ ಮುಖ ಸಪ್ಪೆಯಾಗಿತ್ತು. ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದ. "ಅದು ಅಮ್ಮ ತಂದುಕೊಟ್ಟ ಕೊಡೆ ಕಣೆ. ಅಪ್ಪ ಬೇರೆ ಕೊಡೆ ಹಿಡಿದಿದ್ದು ನಾನು ನೋಡೇ ಇಲ್ಲ."

ನನಗೆ ಮಾವನ ಮೇಲೆ ಸಿಟ್ಟು ಬಂತು. ಆ ಅಪರಿಚಿತ ಹೆಂಗಸಿನ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಬರೆದ ಆ ಒಂದು ಸಾಲಿನ ಮೇಲೆ ಬಂತು. ಅತ್ತೆಯನ್ನು ನಾನು ಗೋಡೆಯ ಮೇಲಿನ ಫೋಟೊದಲ್ಲಿ ಮಾತ್ರ ಬಲ್ಲೆ. ಮಾವ ಅವರ ಸುದ್ದಿ ಎತ್ತುವವರೇ ಅಲ್ಲ. ಯಾರಾದರೂ ಎತ್ತಿದರೆ ಎದ್ದು ಹೋಗಿ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ. ಹಾಗೆ ಬಾಯಿಬಿಡದೆ ಇಷ್ಟು ವರ್ಷ ಹಿಡಿದುಕೊಂಡು ಓಡಾಡಿದ್ದನ್ನು ನನ್ನ ಸ್ಕ್ರಿಪ್ಟು ಬೀದಿಗಿಟ್ಟು, ಯಾರಿಗೋ ಕೊಡಿಸಿಬಿಟ್ಟಿತ್ತು.

"ಆ ಫೋಟೊ ಈಗ್ಲೇ ತೆಗೀತೀನಿ," ಎಂದೆ.

"ಬೇಡಮ್ಮ. ಶುಕ್ರವಾರ ಮ್ಯಾನೇಜರು ಕಿಟಕಿ ನೋಡೋಕೆ ಬರ್ತಾರೆ. ಸಾಲು ಇರ್ಲಿ. ಅಲ್ಲೀವರೆಗೂ ಮುಟ್ಬೇಡ."

ಮರುದಿನ ಒಳ್ಳೆಯ ಕೊಡೆಯೊಂದನ್ನು ತಂದುಕೊಟ್ಟೆ. "ಚೆನ್ನಾಗಿದೆ" ಎಂದು ಹೊಗಳಿ, ಮೂಲೆಯಲ್ಲಿಟ್ಟು, ಯಾರೋ ಕಂಡಕ್ಟರನಿಂದ ಎರವಲು ತಂದಿದ್ದ ರೇನ್‌ಕೋಟು ಹಾಕಿಕೊಂಡು ಹೊರಟರು. ನಾನು ಸ್ಕ್ರಿಪ್ಟನ್ನು ಸರಿಮಾಡಿ, ಓಡಿಸದೆ ಇಟ್ಟುಕೊಂಡೆ.

ಶುಕ್ರವಾರ ರಜೆ ಹಾಕಿ ನಾನೂ ಡಿಪೋಗೆ ಹೋದೆ. ಸ್ಕ್ರಿಪ್ಟೋ ಏನೋ ಅದನ್ನು ತೋರಿಸಲು ಸೊಸೆಯನ್ನೂ ಕರೆಯಿರಿ ಎಂದು ಮ್ಯಾನೇಜರು ಹೇಳಿದ್ದರು. ಹೊರಗೆ ಮಳೆ, ಸಾಲಿನಲ್ಲಿ ಒದ್ದೆ ಜನ. ಮಾವ ಹಿಂದೆ ಕಪಾಟಿನಲ್ಲಿ ಯಾರದೋ ಊರುಗೋಲು ಹುಡುಕುತ್ತಿದ್ದರು. ಕಿಟಕಿಯಲ್ಲಿ ನಾನು ಕೂತಿದ್ದೆ.

ವಯಸ್ಸಾದ ಒಬ್ಬ ಹೆಂಗಸು ಮುಂದೆ ಬಂದು, ಎದೆಗವಚಿಕೊಂಡಿದ್ದ ಕಪ್ಪು ಕೊಡೆಯೊಂದನ್ನು ಕಿಟಕಿಯ ಕಟ್ಟೆಯ ಮೇಲೆ ಮಲಗಿಸಿದರು.

"ತಪ್ಪಾಯ್ತಮ್ಮ. ನಮ್ಮನೆಯವರ ಕೊಡೆ ಮನೇಲೇ ಬಾಗಿಲ ಹಿಂದೆ ಬಿದ್ದಿತ್ತು. ಇದು ಇನ್ಯಾರ್ದೋ. ಪಾಪ, ಅವರು ಹುಡುಕ್ತಿರ್ತಾರೆ, ಕೊಟ್ಬಿಡಿ." ಮಳೆಯಲ್ಲಿ ಬಂದರೂ ಅದನ್ನು ಅವರು ಬಿಡಿಸಿರಲಿಲ್ಲ. ಕೊಡೆ ಒಣಗಿತ್ತು, ಅವರು ನೆನೆದಿದ್ದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಒಂದೇ ಏಟಿಗೆ ಇಳಿದುಹೋಯಿತು.

"ಮಾವ!" ಎಂದು ಕೂಗಿದ್ದು ಡಿಪೋಗೆಲ್ಲ ಕೇಳಿಸಿರಬೇಕು. ಮಾವ ಬಂದರು. ಕೊಡೆ ನೋಡಿದರು. ಕೈ ಮುಂದೆ ಬಂತು, ಅಷ್ಟಕ್ಕೇ ನಿಂತಿತು.

"ತಗೊಳ್ಳಿ ಮಾವ, ನಿಮ್ದು!"

"ಕಿಟಕಿಗೆ ಬಂದ ಸಾಮಾನು," ಎಂದರು. ಆಮೇಲೆ ಬಾಗಿಲು ತೆಗೆದು ಹೊರಗೆ ಹೋಗಿ, ಟೈರಿನ ಗೋಡೆ ಬಳಸಿ, ಸಾಲಿನ ತುದಿಯಲ್ಲಿ ನಿಂತುಕೊಂಡರು. ಜನ ದಾರಿ ಬಿಟ್ಟರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ಮ್ಯಾನೇಜರು ಬಂದರು. ಕಿಟಕಿಯ ಯಜಮಾನರೇ ಸಾಲಿನಲ್ಲಿ ನಿಂತದ್ದನ್ನು ನೋಡಿ ಏನು ತಿಳಿದರೋ, ಏನೂ ಕೇಳದೆ ಅವರೂ ಹಿಂದೆ ನಿಂತರು.

ಒಬ್ಬೊಬ್ಬರಾಗಿ ಮುಂದಿನವರ ಕೆಲಸ ಮುಗಿಸಿ ಕಳಿಸಿದೆ. ಮಾವ ಕಿಟಕಿಯ ಮುಂದೆ ಬಂದರು. ನಾನು ಅವರ ಕುರ್ಚಿಯಲ್ಲಿ, ಅವರು ನನ್ನೆದುರು. ಏನು ಕೇಳಬೇಕೆಂದು ನನಗೆ ಗೊತ್ತಿತ್ತು.

"ಏನು ಕಳ್ಕೊಂಡಿದೀರಿ?"

"ಒಂದು ಕೊಡೆ. ಕಪ್ಪು ಬಣ್ಣದ್ದು."

"ಗುರುತು ಹೇಳಿ."

ಮಾವ ಕಟ್ಟೆಯ ಮೇಲೆ ಕೈಯೂರಿದರು. "ಒಳಗಡೆ ಒಂದು ಕಡ್ಡಿ ಮುರಿದಿದೆ. ಅದಕ್ಕೆ ಹೇರ್‌ಪಿನ್ ಕಟ್ಟಿದೆ."

ಕೊಡೆ ಬಿಡಿಸಿದೆ. ಮುರಿದ ಕಡ್ಡಿಗೆ ಕರಿಯ ಹೇರ್‌ಪಿನ್ನೊಂದನ್ನು ಆನಿಸಿ ನೂಲಿನಿಂದ ಬಿಗಿದು ಸುತ್ತಿದ್ದರು. ಅಷ್ಟು ಸಾಕಿತ್ತು. ಆದರೂ ನಾನು ಇನ್ನೊಂದು ಪ್ರಶ್ನೆ ಕೇಳಿದೆ, ಕೇಳಬೇಕೆನಿಸಿತು.

"ಯಾರು ಕಟ್ಟಿದ್ದು?"

"ನನ್ನ ಹೆಂಡ್ತಿ." ಮಾವ ಜಾಗ ಬಿಟ್ಟು ಹೋಗಲಿಲ್ಲ, ಕೀಲಿ ಕೊಡಲು ಅಲ್ಲಿ ಗಡಿಯಾರವೂ ಇರಲಿಲ್ಲ. "ನಂಗೆ ಡ್ಯೂಟಿಗೆ ಹೊತ್ತಾಗಿತ್ತು. ಮಳೆ. ಕಡ್ಡಿ ಮುರೀತು ಅಂತ ನಾನು ಬೈಕೊಂಡೆ. ಅವಳು ತಲೆಯಿಂದ ಪಿನ್ ಹಾಗೇ ಕಿತ್ತು, ನಿಂತ ನಿಲುವಲ್ಲೇ ಕಟ್ಟಿಕೊಟ್ಲು. ಆಮೇಲೆ ಅಂಗಡೀಲಿ ಕೊಟ್ಟು ಸರಿ ಮಾಡ್ಸೋಣ, ಸಂಜೆವರೆಗೂ ತಡ್ಕೊಳುತ್ತೆ ಅಂದ್ಲು. ಇಡೀ ದಿನ ಒಂದು ಕಡೆ ಕೂದಲು ಮುಖದ ಮೇಲೆ ಬೀಳ್ತಿತ್ತಂತೆ, ಊದ್ಕೊಂಡು ಊದ್ಕೊಂಡು ಕೆಲಸ ಮಾಡಿದ್ಲಂತೆ. ಸಂಜೆ ಬಂದಾಗ ಹಾಗೇ ಇದ್ಲು." ಪಿನ್ನಿನ ಕಡೆ ಬೆರಳು ತೋರಿಸಿ, "ಸರಿ ಮಾಡ್ಸೋಕೆ ನಾನೇ ಕೊಡ್ಲಿಲ್ಲ," ಎಂದರು.

ಮೂಗಿನ ಮೇಲೆ ಬಿದ್ದ ಕೂದಲನ್ನು ಊದುತ್ತಿರುವ ಅತ್ತೆ ನನಗೆ ಅಲ್ಲಿಯೇ ಕಂಡರು. ಗೋಡೆಯ ಮೇಲಿನ ಫೋಟೊದಲ್ಲಿ ಅಷ್ಟು ವರ್ಷ ನೋಡಿಯೂ ಕಾಣದವರು. ನಾನು ಅಳುತ್ತಲೇ ಕೊಡೆ ಮಡಿಸಿ, ಸಹಿ ಹಾಕಿಸಿಕೊಂಡು ಕೊಟ್ಟೆ.

ಮಾವ ಪಕ್ಕಕ್ಕೆ ಸರಿದಾಗ ಮ್ಯಾನೇಜರು ಕಿಟಕಿಗೆ ಬಂದರು. ತೋರಿಸಲು ತಂದಿದ್ದ ಲ್ಯಾಪ್‌ಟಾಪನ್ನು ನಾನು ಮುಂದೆ ತಳ್ಳಿದೆ. ಅವರು ಅದರ ಕಡೆ ನೋಡಲೇ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಟಿಕೆಟ್ ಮಷೀನಿಗೆ ಮೇಲಿನ ಕೋಣೆ ಸಾಕಾಗುತ್ತೆ," ಎಂದರು. "ಆಮೇಲೆ ಯಜಮಾನ್ರೇ, ಹೋದ ತಿಂಗಳು ನಮ್ಮನೆಯವಳ ಊಟದ ಡಬ್ಬಿ ಬಸ್ಸಲ್ಲಿ ಹೋಗಿದೆ. ಮುಚ್ಚಳ ನೆಗ್ಗಿದೆ."

"ಯಾವ ಕಡೆ ನೆಗ್ಗಿದೆ ಸರ್?" ಎಂದರು ಮಾವ, ಹೊರಗೆ ನಿಂತೇ.

ಸಂಜೆ ಕಿಟಕಿ ಮುಚ್ಚಿ ಇಬ್ಬರೂ ಹೊರಟೆವು. ಮಳೆ ಇನ್ನೂ ನಿಂತಿರಲಿಲ್ಲ. ಮಾವ ಕೊಡೆ ಬಿಡಿಸಿ, ಬಾ ಎಂದು ನನ್ನನ್ನೂ ಕರೆದುಕೊಂಡು, ನನ್ನ ಕಡೆಗೇ ವಾಲಿಸಿ ಹಿಡಿದರು. ಅವರ ಒಂದು ತೋಳು ನೆನೆಯುತ್ತಿತ್ತು. ಹೇಳಿದರೆ ಕೇಳುವವರಲ್ಲ. ನನ್ನ ತಲೆಯ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಅತ್ತೆಯ ಹೇರ್‌ಪಿನ್ನಿತ್ತು.

ರಸ್ತೆ ದಾಟುವಾಗ ಮಾವ ಹೇಳಿದರು. "ಅಮ್ಮಾ, ಮನೆಗೆ ಹೋದ ತಕ್ಷಣ ಆ ಫೋಟೊ ತೆಗೆದ್ಬಿಡು. ಉಳಿದ ಕೊಡೆಗಳನ್ನೆಲ್ಲ ಒಂದೊಂದಾಗಿ ಹಾಕು."

"ಸಾಲು ಕರಗಿಹೋಗುತ್ತೆ ಮಾವ."

"ಹೋಗ್ಲಿ. ವಾರಸುದಾರ ಬಂದು ತಗೊಂಡು ಹೋದ್ಮೇಲೆ ಫೋಟೊ ಇಟ್ಕೋಬಾರ್ದು."

ಮನೆಗೆ ಹೋದವಳೇ ತೆಗೆದೆ.